ಕಪ್ಪು ಕೋಟು ಕಳಚಿದ ಮೇಲೆ

ನಮ್ಮ ಕಾಸರಗೋಡಿನ ಕಡೆಯ ಮದುವೆಗಳು ಹಗಲಿನವು. ಹನ್ನೊಂದೂವರೆಗೆ ಧಾರೆ, ಒಂದು ಗಂಟೆಗೆ ಊಟ, ನಾಲ್ಕರ ಹೊತ್ತಿಗೆ ಸಭಾಂಗಣ ಗುಡಿಸಿ ಆಗಿರುತ್ತದೆ. ಇಂಥ ನಡುಹಗಲಿನಲ್ಲಿ ಈಗಿನ ಮದುಮಗಂದಿರು ಬೋ ಟೈ ಕಟ್ಟಿ, ಹೊಳೆಯುವ ಕಾಲರಿನ ಟಕ್ಸೀಡೊ ತೊಟ್ಟು ನಿಲ್ಲುವುದನ್ನು ಕಂಡಾಗೆಲ್ಲ ನನಗೆ ಕಸಿವಿಸಿ. ಅದು ಸಂಜೆ ಆರು ಗಂಟೆಯ ನಂತರದ ಉಡುಪು. ಹಾಗಾದರೆ ಹಗಲಿನಲ್ಲಿ ಅದಕ್ಕೆ ಸಮನಾದದ್ದು ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ಸ್ಟ್ರೋಲರ್. ಮೊಬೈಲಿನಲ್ಲಿ ಈ ಪದ ಕೊಟ್ಟರೆ ಮೊದಲು ಬರುವುದು ಮಕ್ಕಳ ತಳ್ಳುಗಾಡಿಗಳು. ಅವನ್ನು ದಾಟಿಕೊಂಡು ಮುಂದೆ ಹೋಗಬೇಕು.

ಉಡುಪು ಸರಳ. ಕಪ್ಪು ಅಥವಾ ಕಡುಬೂದು ಬಣ್ಣದ ಗಿಡ್ಡ ಕೋಟು, ಗೆರೆಗಳಿರುವ ಬೂದು ಪ್ಯಾಂಟು, ಕೋಟಿನೊಳಗೆ ತೊಡುವ, ತೋಳಿಲ್ಲದ ತಿಳಿಬಣ್ಣದ ವೇಸ್ಟ್‌ಕೋಟ್, ಬಿಳಿ ಅಂಗಿ, ಬೆಳ್ಳಿ ಬಣ್ಣದ ಟೈ, ಕಪ್ಪು ಆಕ್ಸ್‌ಫರ್ಡ್ ಬೂಟು. ಹಿಂದೆ ಬಾಲದಂತೆ ಇಳಿಬಿದ್ದಿರುವ ಮಾರ್ನಿಂಗ್ ಕೋಟಿನ ಬದಲು ಗಿಡ್ಡ ಕೋಟು ಹಾಕಿ ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟುಕೊಂಡರೆ ಹೆಚ್ಚುಕಡಿಮೆ ಇದೇ ಆಗುತ್ತದೆ. ಜರ್ಮನಿಯಲ್ಲಿ ಇದಕ್ಕೆ ಸ್ಟ್ರೆಸೆಮಾನ್ ಎಂದೇ ಹೆಸರು. 1923ರಿಂದ 1929ರವರೆಗೆ ಅಲ್ಲಿ ವಿದೇಶಾಂಗ ಸಚಿವರಾಗಿದ್ದ ಗುಸ್ತಾವ್ ಸ್ಟ್ರೆಸೆಮಾನ್ ಇದನ್ನು ತೊಡುತ್ತಿದ್ದರು. ಅಮೆರಿಕದ ರೊನಾಲ್ಡ್ ರೇಗನ್ 1981ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇದೇ ಉಡುಪಿನಲ್ಲಿ.

ಇದನ್ನು ಓದಿದಾಗ ನನಗೆ ನಗು ಬಂತು. ನಾನು ವಕೀಲ. ವಿದ್ಯಾನಗರದ ಕೋರ್ಟಿಗೆ ಇಪ್ಪತ್ತು ವರ್ಷಗಳಿಂದ ಕಪ್ಪು ಕೋಟಿನಲ್ಲಿ ಹೋಗುತ್ತಿದ್ದೇನೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ನಮ್ಮ ಪ್ಯಾಂಟು ಬಿಳಿ, ಕಪ್ಪು, ಬೂದು ಅಥವಾ ಗೆರೆಯದ್ದಾಗಿರಬಹುದು. ಧೋತಿಯೂ ನಡೆಯುತ್ತದೆ, ಜೀನ್ಸ್ ಕೂಡದು. ಅಂದರೆ ಮುಕ್ಕಾಲು ಪಾಲು ಬಟ್ಟೆ ನನ್ನ ಕಪಾಟಿನಲ್ಲಿಯೇ ಇದೆ, ಒಂದು ಟೈ ಕೊಂಡರೆ ಸಾಕು ಎಂದುಕೊಂಡೆ. ಕೋರ್ಟಿನ ಕೋಟು, ಹಳೆಯ ಸೂಟೊಂದರ ಗೆರೆ ಪ್ಯಾಂಟು, ಬೂದು ಟೈ ಹಾಕಿಕೊಂಡು ಬದಿಯಡ್ಕದಲ್ಲಿ ಗೆಳೆಯರೊಬ್ಬರ ಮನೆಯ ಮದುವೆಗೆ ಹೋದೆ. ಚಪ್ಪರದ ಬಾಗಿಲಲ್ಲಿಯೇ ಒಬ್ಬರು, "ಏನು ವಕೀಲರೇ, ಇವತ್ತು ಯಾರಿಗೆ ಜಾಮೀನು?" ಎಂದು ಕೇಳಿದರು. ಊಟ ಮುಗಿಯುವಷ್ಟರಲ್ಲಿ ಇದೇ ಪ್ರಶ್ನೆಯನ್ನು ಐದು ಜನ ಕೇಳಿದ್ದರು. ಆರನೆಯವರು ಜಾಗದ ತಕರಾರಿನ ಕಾಗದವನ್ನೇ ಕಿಸೆಯಿಂದ ತೆಗೆದರು.

ತಪ್ಪು ಎಲ್ಲಿ ಎಂದು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೋಡಿದೆ. ಮೊದಲನೆಯದಾಗಿ ಪ್ಯಾಂಟು. ಸೂಟಿನ ಪ್ಯಾಂಟಿನಲ್ಲಿ ಕಪ್ಪು ನೆಲದ ಮೇಲೆ ದೂರ ದೂರಕ್ಕೆ ಬಿಳಿ ಗೆರೆ. ನೋಡಿದವರಿಗೆ ಇದರ ಜೋಡಿ ಕೋಟು ಎಲ್ಲೋ ಕಳೆದುಹೋಗಿದೆ ಎಂದೇ ಅನಿಸುತ್ತದೆ. ಸ್ಟ್ರೋಲರಿಗೆ ಬೇಕಾದದ್ದು ಬೂದು ನೆಲದ ಮೇಲೆ ಕಪ್ಪು, ಬಿಳಿ, ದಪ್ಪ, ಸಣ್ಣ ಗೆರೆಗಳು ಒತ್ತೊತ್ತಾಗಿ ಕೂಡಿದ ಬಟ್ಟೆ. ಇದಕ್ಕೆ ಕ್ಯಾಶ್ಮೀರ್ ಸ್ಟ್ರೈಪ್ ಎನ್ನುತ್ತಾರೆ. ಅದು ವಿನ್ಯಾಸದ ಹೆಸರು ಮಾತ್ರ, ಬಟ್ಟೆ ಸಾಮಾನ್ಯ ಉಣ್ಣೆಯದ್ದೇ. ಕಾಸರಗೋಡಿನಲ್ಲಿ ಸಿಗಲಿಲ್ಲ. ಮಂಗಳೂರಿನ ಹಂಪನಕಟ್ಟೆಯ ಒಂದು ಹಳೆಯ ಅಂಗಡಿಯಲ್ಲಿ ಥಾನಿನ ಕೊನೆಯ ತುಂಡು ಸಿಕ್ಕಿತು.

ಎರಡನೆಯದು ಕೋಟಿನ ಬಣ್ಣ. ಇದನ್ನು ತೀರ್ಮಾನಿಸಿದವರು ನನ್ನ ಅತ್ತಿಗೆ. ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ನನ್ನ ಪ್ರಯೋಗದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ನಮ್ಮ ಹುಡುಗಿಯ ಮದುವೆಗೆ ಕಪ್ಪು ಹಾಕಿಕೊಂಡು ಬರಬೇಡಿ" ಎಂದರು. ವಾದಿಸುವುದೇ ನನ್ನ ಕಸುಬು, ಆದರೂ ಈ ನ್ಯಾಯಾಲಯದಲ್ಲಿ ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ. ಸ್ಟ್ರೋಲರಿನ ಕೋಟಿಗೆ ಕಡುಬೂದು ಮೊದಲಿನಿಂದಲೂ ಸಲ್ಲುವ ಬಣ್ಣವೇ. ಅದರಿಂದ ಅಶುಭದ ಮಾತೂ ಇಲ್ಲ, ಜಾಮೀನಿನ ಮಾತೂ ಇಲ್ಲ. ನಮ್ಮ ನಾಡಿನಲ್ಲಿ ಇದನ್ನು ಹಾಕುವವರಿಗೆ ನಾನು ಹೇಳುವುದು ಇಷ್ಟೇ: ಕಪ್ಪನ್ನು ಮರೆತುಬಿಡಿ.

ಕುಂಬಳೆಯಲ್ಲಿ ನನಗೆ ವರ್ಷಗಳಿಂದ ಕೋಟು ಹೊಲಿಯುವ ಟೈಲರ್ ಇದ್ದಾರೆ. ಮೀಟರಿಗೆ ಸುಮಾರು 250 ಗ್ರಾಂ ತೂಗುವ ತೆಳು ಉಣ್ಣೆಯ ಬಟ್ಟೆ ಕೊಟ್ಟು, ಒಂದೇ ಗುಂಡಿ, ಎದೆಯ ಮೇಲೆ ಮಡಚಿದ ಅಂಚು, ಅಂದರೆ ಲ್ಯಾಪೆಲ್, ಮೇಲ್ಮುಖವಾಗಿ ಚೂಪು, ಬೆನ್ನಿಗೆ ಅರ್ಧ ಲೈನಿಂಗ್ ಮಾತ್ರ ಎಂದು ಹೇಳಿದೆ. ಅವರಿಗೆ ಅರ್ಧ ಲೈನಿಂಗ್ ಒಪ್ಪಿಗೆಯಾಗಲಿಲ್ಲ, "ಒಳಗಿನ ಹೊಲಿಗೆಯೆಲ್ಲ ಕಾಣುತ್ತದಲ್ಲ" ಎಂದರು. ಹೊಲಿಗೆ ಕಂಡರೂ ಪರವಾಗಿಲ್ಲ, ಏಪ್ರಿಲಿನ ಸೆಕೆಯಲ್ಲಿ ನಾನು ಕುಸಿದುಬೀಳಬಾರದು ಎಂದೆ. ವೇಸ್ಟ್‌ಕೋಟಿಗೆ ತಿಳಿಬೂದು ಲಿನನ್ ಆರಿಸಿದೆ. ಬೆನ್ನಿಗೆ ಬಟ್ಟೆಯೇ ಇಲ್ಲ, ಎರಡು ಪಟ್ಟಿ ಮಾತ್ರ. ಕೋಟು ತೆಗೆದರೆ ಗುಟ್ಟು ರಟ್ಟಾಗುತ್ತದೆ, ಆದ್ದರಿಂದ ತೆಗೆಯುವಂತಿಲ್ಲ.

ಪ್ಯಾಂಟಿನಲ್ಲಿ ಎರಡು ಸಂಗತಿ. ಅದು ಹೊಕ್ಕುಳಿನ ಮಟ್ಟಕ್ಕೆ ನಿಲ್ಲಬೇಕು, ಇಲ್ಲವಾದರೆ ವೇಸ್ಟ್‌ಕೋಟಿನ ಕೆಳಗೆ ಅಂಗಿ ಇಣುಕುತ್ತದೆ. ಅದಕ್ಕೆ ಬೆಲ್ಟು ಆಗುವುದಿಲ್ಲ, ಹೆಗಲ ಮೇಲಿಂದ ಪ್ಯಾಂಟನ್ನು ಹಿಡಿದಿಡುವ ಗ್ಯಾಲಿಸ್ ಪಟ್ಟಿ ಬೇಕು, ಸೊಂಟದ ಒಳಗೆ ಅದರ ಗುಂಡಿಗಳನ್ನು ಹೊಲಿಸಬೇಕು. ಎರಡನೆಯದು ಯಾವ ಇಂಗ್ಲಿಷ್ ಪುಸ್ತಕವೂ ಹೇಳದಿರುವುದು: ನಮ್ಮಲ್ಲಿ ಮಂಟಪ ಹತ್ತುವಾಗ ಬೂಟು ಬಿಚ್ಚುತ್ತೇವೆ. ಬೂಟಿನ ಮೇಲೆ ಮಡಿಕೆ ಬೀಳುವಂತೆ ಅಳತೆ ಕೊಟ್ಟ ಪ್ಯಾಂಟು ಬರಿಗಾಲಿನಲ್ಲಿ ನೆಲ ಗುಡಿಸುತ್ತದೆ. ಆದ್ದರಿಂದ ಟ್ರಯಲ್ ಕೊಡುವಾಗ ಬೂಟು ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ನಿಂತೆ. ಬೂಟಿಗೆ ತಾಗಿಯೂ ತಾಗದಂತೆ, ಮುಂದೆಗಿಂತ ಹಿಮ್ಮಡಿಯ ಬಳಿ ಬೆರಳಗಲ ಇಳಿಸಿ ಕತ್ತರಿಸಿದರು. ಕಾಲುಚೀಲ ಹೊಸದಾಗಿರಲಿ ಎಂದು ಬೇರೆ ಹೇಳಬೇಕಿಲ್ಲ.

ಕೋರ್ಟಿನ ಅಂಗಿ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ನನ್ನವೆಲ್ಲ ವಕೀಲರು ಕೊರಳಿಗೆ ಕಟ್ಟುವ ಬಿಳಿ ಪಟ್ಟಿ, ಅಂದರೆ ಬ್ಯಾಂಡ್ ಕಟ್ಟುವುದಕ್ಕೆಂದು ಹೊಲಿಸಿದ ನಿಂತ ಕಾಲರಿನವು. ಮಡಚಿದ ಕಾಲರಿನ ಬೇರೆ ಬಿಳಿ ಅಂಗಿ ತೆಗೆದುಕೊಂಡೆ. ಎದೆಯ ಕಿಸೆಗೆ ಕಾಸರಗೋಡು ಕೈಮಗ್ಗದ ಬಿಳಿ ಹತ್ತಿಯ ತುಂಡನ್ನು ಚೌಕವಾಗಿ ಅಂಚು ಹೊಲಿಸಿಕೊಂಡೆ. ಟೊಪ್ಪಿಯ ತಂಟೆಗೆ ಹೋಗಲಿಲ್ಲ. ಈ ಉಡುಪಿಗೆ ಹಾಂಬರ್ಗ್ ಎಂಬ, ಅಂಚು ಮೇಲಕ್ಕೆ ಮಡಚಿದ ಹ್ಯಾಟು ಸಲ್ಲುತ್ತದಂತೆ. ಆದರೆ ಮುಸ್ಲಿಮರು ತೊಡುವ ಕಸೂತಿಯ ತಳಂಗರೆ ಟೊಪ್ಪಿಗೆ ಹೆಸರಾದ ನಮ್ಮ ಊರಿನಲ್ಲಿ ಅದನ್ನು ಹಾಕಿಕೊಂಡು ನಡೆಯುವಷ್ಟು ಧೈರ್ಯ ನನಗಿಲ್ಲ.

ಮದುವೆಯ ದಿನ ಧಾರೆ ಮುಗಿಯುವವರೆಗೆ ಪಂಚೆ, ಶಾಲು. ಆ ಹೊತ್ತಿಗೆ ಬೇರೆ ಉಡುಪಿನ ಯೋಚನೆಯೇ ನನಗೆ ಬರುವುದಿಲ್ಲ. ಹನ್ನೆರಡೂಕಾಲಿಗೆ ಒಳಗೆ ಹೋಗಿ ಬದಲಾಯಿಸಿಕೊಂಡು ಬಂದು ಅತಿಥಿಗಳನ್ನು ಎದುರುಗೊಳ್ಳಲು ನಿಂತೆ. ಜಾಮೀನಿನ ಪ್ರಶ್ನೆ ಯಾರೂ ಕೇಳಲಿಲ್ಲ. ಊಟಕ್ಕೆ ಕುಳಿತಾಗ ಟೈ ವೇಸ್ಟ್‌ಕೋಟಿನ ಒಳಗೆ ಭದ್ರವಾಗಿತ್ತು, ಸಾರು ಅದನ್ನು ಮುಟ್ಟಲಿಲ್ಲ. ಕೋಟಿನ ತೋಳಿಗೆ ಮಾತ್ರ ಪಾಯಸದ ಎರಡು ಹನಿ ಬಿತ್ತು. ಅತ್ತಿಗೆ ಕೈತೊಳೆಯುವಲ್ಲಿ ಸಿಕ್ಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇದು ಪರವಾಗಿಲ್ಲ. ಆದರೆ ಪ್ಯಾಂಟು ಬೇರೆ, ಕೋಟು ಬೇರೆ ಯಾಕೆ? ಬಟ್ಟೆ ಸಾಲದೆ ಹೋಯಿತೇ?" ಎಂದರು.

ಕೋಟನ್ನು ಈಗ ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಬಿಸಿಲು ಕಂಡ ದಿನವೆಲ್ಲ ಜಗಲಿಯ ನೆರಳಿನಲ್ಲಿ ತೂಗುಹಾಕುತ್ತೇನೆ. ಗೆರೆ ಪ್ಯಾಂಟಿಗೆ ನಿಯಮದ ಅಡ್ಡಿಯಿಲ್ಲವಲ್ಲ, ಅದು ಸೋಮವಾರಗಳಂದು ನನ್ನ ಜೊತೆ ಕೋರ್ಟಿಗೆ ಬರುತ್ತದೆ.