ಮಗಳ ಜೊತೆ ಹೊರಟ ಅಪ್ಪನಿಗೆ ಯಾವ ಬಾಗಿಲು?

ಶನಿವಾರ ನನ್ನ ಹೆಂಡತಿಗೆ ಡ್ಯೂಟಿ, ನನಗೆ ರಜ. ಹಾಗಾಗಿ ಎರಡು ವರ್ಷದಿಂದ ಶನಿವಾರ ಅಂದರೆ ನಾನು, ಮಗಳು, ಮಗ, ಬೆನ್ನಿಗೊಂದು ಚೀಲ. ಮಗಳಿಗೆ ಈಗ ನಾಲ್ಕೂವರೆ. ಮಗನಿಗೆ ಎರಡು ತುಂಬಿದೆ, ಹೊರಗೆ ಹೊರಟರೆ ಇನ್ನೂ ಡೈಪರ್ ಬೇಕು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಗಾಂಧಿ ಬಜಾರ್, ವರ್ಷಕ್ಕೆ ಒಂದೆರಡು ಸಲ ಮೈಸೂರು. ಇಷ್ಟು ನಮ್ಮ ಸುತ್ತಾಟ.

ಮೊದಲ ಸಲ ಸಿಕ್ಕಿಬಿದ್ದದ್ದು ಒಂದು ಬಸ್ ಸ್ಟ್ಯಾಂಡಿನಲ್ಲಿ. "ಅಪ್ಪಾ, ಒಂದಕ್ಕೆ" ಅಂದಳು ಮಗಳು. ಆಗ ಅವಳಿಗೆ ಮೂರು ವರ್ಷ ಆಗಿರಲಿಲ್ಲ. ಹೆಂಗಸರ ಕಡೆ ನಾನು ಹೋಗುವ ಹಾಗಿಲ್ಲ. ಗಂಡಸರ ಕಡೆ ಕರ್ಕೊಂಡು ಹೋದೆ. ಗೋಡೆಗುಂಟ ಸಾಲಾಗಿ ಜನ ನಿಂತಿದ್ದರು. ಅವಳ ಮುಖವನ್ನು ನನ್ನ ತೊಡೆಗೆ ಒತ್ತಿಕೊಂಡು ದಾಟಿಸಿದೆ. "ಹೆಣ್ಣು ಮಗೂನ ಇಲ್ಲಿಗ್ಯಾಕ್ರೀ ಕರ್ಕೊಂಡು ಬಂದ್ರಿ?" ಅಂತ ಒಬ್ಬರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಇನ್ನೆಲ್ಲಿಗೆ ಹೋಗಲಿ? ಖಾಲಿ ಇದ್ದ ಒಂದೇ ಒಂದು ಕೋಣೆಗೆ ಚಿಲಕ ಇರಲಿಲ್ಲ. ಮಗ ಎದೆಗೆ ಕಟ್ಟಿದ ಚೀಲದಲ್ಲಿ, ಮಗಳು ಕೈಯಲ್ಲಿ, ಬಾಗಿಲಿಗೆ ನನ್ನ ಹಿಮ್ಮಡಿ ಒತ್ತು. ಆ ವಾಸನೆಗೆ, ಗದ್ದಲಕ್ಕೆ ಹೆದರಿ ಅವಳು ಮಾಡಲೇ ಇಲ್ಲ. ಹೊರಗೆ ಬಂದ ಎರಡೇ ನಿಮಿಷಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಫ್ರಾಕು, ಶೂ ಎಲ್ಲ ಒದ್ದೆ. "ಸಾರಿ ಅಪ್ಪ" ಅಂತ ಅತ್ತಳು. ಅವಳು ಸಾರಿ ಕೇಳುವಂಥದ್ದು ಏನೂ ಇರಲಿಲ್ಲ ಅಲ್ವಾ? ಅವತ್ತಿನಿಂದ ನಾನು ಈ ವಿಷಯವನ್ನು ಗಂಭೀರವಾಗಿ ತಗೊಂಡೆ.

ಮೊದಲು ತಿಳಿದುಕೊಂಡದ್ದು ಮಕ್ಕಳ ಮೈಯ ಲೆಕ್ಕ. ನಾಲ್ಕು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಹೆಚ್ಚುಕಮ್ಮಿ 150ರಿಂದ 180 ಮಿ.ಲೀ. ಒಂದು ಎಳನೀರು ಕುಡಿಸಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಂತ ನೀರು ಕಡಿಮೆ ಕುಡಿಸುವುದು ಸರಿಯಲ್ಲ. ನಾನೂ ಒಂದೆರಡು ಸಲ ಹಾಗೆ ಮಾಡಿ ನಮ್ಮ ಮಕ್ಕಳ ಡಾಕ್ಟರ ಹತ್ತಿರ ಬೈಸಿಕೊಂಡೆ. ನೀರು ಕಡಿಮೆ ಕುಡಿದು, ಬಂದದ್ದನ್ನು ತಡೆದುಕೊಂಡು ಅಭ್ಯಾಸವಾದರೆ ಮಕ್ಕಳಿಗೆ ಉರಿಮೂತ್ರ, ಸೋಂಕು, ಮಲಬದ್ಧತೆ ಎಲ್ಲ ಶುರುವಾಗುತ್ತದೆ. ಹೆಣ್ಣುಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ಈಗ ನಾನು ಅವಳು ಕೇಳುವ ತನಕ ಕಾಯುವುದಿಲ್ಲ. ಒಂದೂವರೆ ಗಂಟೆಗೊಮ್ಮೆ ನಾನೇ ಕರ್ಕೊಂಡು ಹೋಗುತ್ತೇನೆ. ಆಟದ ನಡುವೆ ಅವಳು ಕಾಲಿಗೆ ಕಾಲು ಹೆಣೆದು ನಿಂತರೆ, ಇಲ್ಲಾ ಹಿಮ್ಮಡಿ ಮೇಲೆ ಕುಕ್ಕರಿಸಿ ಸುಮ್ನೆ ಕೂತರೆ, "ಬಂದಿಲ್ಲ" ಅಂತ ಎಷ್ಟು ಹೇಳಿದರೂ ಬಂದಿದೆ ಅಂತಲೇ ಅರ್ಥ.

ಇನ್ನು ಜಾಗದ ವಿಷಯ. ಹೊಳೆಯುವ ಟೈಲ್ಸ್ ನೋಡಿ ನಾನು ಸುಮಾರು ಸಲ ಮೋಸಹೋಗಿದ್ದೇನೆ. ಈಗ ನೋಡುವುದು ಒಂದೇ, ಅಲ್ಲಿ ನೋಡಿಕೊಳ್ಳುವವರು ಯಾರಾದರೂ ಇದ್ದಾರಾ? ಹಳೆಯ ಕಟ್ಟಡವೇ ಇರಲಿ, ಬಾಗಿಲಲ್ಲಿ ಒಬ್ಬರು ಕೂತಿದ್ದರೆ ನೀರು ಇರುತ್ತದೆ, ಚಿಲಕ ಇರುತ್ತದೆ, ಕೇಳಿದರೆ ಉತ್ತರ ಹೇಳುವವರು ಇರುತ್ತಾರೆ. ಬಿಂದೇಶ್ವರ್ ಪಾಠಕ್ 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಶುರು ಮಾಡಿದರು. ಕಾಸು ಕೊಟ್ಟು ಬಳಸುವ ಶೌಚಾಲಯ ನಮ್ಮ ದೇಶದ ಊರೂರಿಗೆ ಹರಡಿದ್ದು ಅವರಿಂದ. ನಾವು ಕೊಡುವ ಐದು, ಹತ್ತು ರೂಪಾಯಿಯಿಂದಲೇ ಅಲ್ಲಿ ಒಬ್ಬರು ಕೂತಿರುವುದು ಸಾಧ್ಯವಾಗಿದೆ. ಅದಕ್ಕೇ ಆ ದುಡ್ಡು ಕೊಡಲು ನನಗೆ ಯಾವತ್ತೂ ಬೇಜಾರಿಲ್ಲ.

ಅಲ್ಲಿ ಕೂತ ಅಕ್ಕನ ಹತ್ತಿರ ಮೊದಲು ಮಾತಾಡುತ್ತೇನೆ. ಗಾಂಧಿ ಬಜಾರ್ ಕಡೆ ಹೋದಾಗ ಹೀಗೇ ಆಯಿತು.

"ಅಕ್ಕಾ, ಲೇಡೀಸ್ ಕಡೆ ಖಾಲಿ ಇದ್ಯಾ? ಇವಳ ಅಮ್ಮ ಬಂದಿಲ್ಲ. ನಾನು ಒಳಗೆ ಬರಬೇಕು, ಎರಡು ನಿಮಿಷ."

ಅವರು ಎದ್ದು ಒಳಗೆ ಹೋಗಿ ನೋಡಿಕೊಂಡು ಬಂದರು. "ಒಬ್ರು ಇದಾರೆ, ತಡೀರಿ ಅಣ್ಣ." ಆ ಹೆಂಗಸು ಹೊರಗೆ ಬಂದ ಮೇಲೆ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟು, ತಾವೇ ನಿಂತುಕೊಂಡರು. "ಹೋಗಿ, ಯಾರ್ನೂ ಬಿಡಲ್ಲ. ಆ ಕೊನೇದು ಈಗ ತಾನೆ ತೊಳ್ದಿದೀನಿ, ಅಲ್ಲಿಗೇ ಹೋಗು ಪುಟ್ಟಿ." ಎಷ್ಟು ಸುಲಭವಾಗಿ ಮುಗಿಯಿತು! ಈಗ ನಾವು ಹೋದರೆ ಅವರೇ ಮಗಳನ್ನು ಗುರುತು ಹಿಡಿದು ಮಾತಾಡಿಸುತ್ತಾರೆ. ಹತ್ತು ರೂಪಾಯಿ ಕೇಳುವ ಕಡೆ ನಾನು ಇಪ್ಪತ್ತು ಕೊಡುತ್ತೇನೆ. ಒಂದು ಮಾತು ಮಾತ್ರ ಗಟ್ಟಿ: ಯಾರು ಎಷ್ಟೇ ಒಳ್ಳೆಯವರಾದರೂ ಮಗಳನ್ನು ಅವರ ಜೊತೆ ಒಳಗೆ ಕಳಿಸುವುದಿಲ್ಲ. ಅವರು ಹೊರಗೆ ಕಾವಲು, ಒಳಗೆ ನಾನು.

ಗೂಗಲ್ ಮ್ಯಾಪಿನಲ್ಲಿ ಸಾರ್ವಜನಿಕ ಶೌಚಾಲಯ ಅಂತ ಹುಡುಕಿದರೆ ಹತ್ತಾರು ತೋರಿಸುತ್ತದೆ. ಹೋಗಿ ನೋಡಿದರೆ ಕೆಲವಕ್ಕೆ ಬೀಗ. ಹಾಗಾಗಿ ನನ್ನದೇ ಒಂದು ಪಟ್ಟಿ ಮಾಡಿ ಮ್ಯಾಪಿನಲ್ಲಿ ಸೇವ್ ಮಾಡಿದ್ದೇನೆ. ಪ್ರತಿಯೊಂದಕ್ಕೂ ಚಿಕ್ಕ ಟಿಪ್ಪಣಿ: "ನೀರು ಇದೆ, ಕಮೋಡ್ ಒಂದು, ಅಕ್ಕ ಇರ್ತಾರೆ", "ರಾತ್ರಿ 9ಕ್ಕೆ ಬೀಗ", "ಚಿಲಕ ಸಡಿಲ". ಮನೆಯಿಂದ ಹೊರಡುವ ಮುಂಚೆ ಪಟ್ಟಿ ನೋಡುತ್ತೇನೆ. ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವುದೇ ಅದರ ಮೇಲೆ.

ಶೌಚಾಲಯ ಅಂತ ಬೋರ್ಡ್ ಇಲ್ಲದ ಒಳ್ಳೆಯ ಜಾಗಗಳೂ ಇವೆ. ನಮ್ಮ ಮೆಟ್ರೊ ನಿಲ್ದಾಣಗಳು ನನಗೆ ತುಂಬಾ ಸಹಾಯ ಮಾಡಿವೆ. ಕೆಲವು ಕಡೆ ಟಾಯ್ಲೆಟ್ ಗೇಟಿನ ಒಳಗಿರುತ್ತದೆ, ಕೆಲವು ಕಡೆ ಹೊರಗೆ. ಹೊರಗೆ ಬರುವ ಮುಂಚೆಯೇ ಅಲ್ಲಿನ ಸೆಕ್ಯುರಿಟಿಯವರನ್ನು ಕೇಳಿಬಿಡುವುದು ಒಳ್ಳೆಯದು. ಮೂರ್ನಾಲ್ಕು ಮಹಡಿಯ ಸೀರೆ ಅಂಗಡಿಗಳನ್ನೂ ಮರೆಯಬೇಡಿ. ಮದುವೆ ಜವಳಿ ತೆಗೆಯಲು ಅಜ್ಜಿಯಿಂದ ಮಗುವಿನ ತನಕ ಇಡೀ ಮನೆ ಬಂದು ಅರ್ಧ ದಿನ ಕೂರುತ್ತಾರೆ. ಹಾಗಾಗಿ ಅಲ್ಲಿ ಟಾಯ್ಲೆಟ್ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ. ಮಗು ಇದೆ ಅಂತ ಕೇಳಿದಾಗ ನನಗೆ ಯಾರೂ ಇಲ್ಲ ಅಂದಿಲ್ಲ. ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗವೂ ಹಾಗೇ. ತಿಂಡಿಗೆ ಮಾತ್ರ ನಿಂತು ತಿನ್ನುವ ದರ್ಶಿನಿ ಬಿಟ್ಟು ಕೂತು ತಿನ್ನುವ ಹೋಟೆಲಿಗೇ ಹೋಗುತ್ತೇನೆ. ಎಷ್ಟೋ ದರ್ಶಿನಿಗಳಲ್ಲಿ ಕೈತೊಳೆಯುವ ನಲ್ಲಿ ಬಿಟ್ಟರೆ ಬೇರೇನಿರುವುದಿಲ್ಲ. ದೋಸೆಗೆ ಇಪ್ಪತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ಗಾಲಿಕುರ್ಚಿ ಚಿತ್ರ ಇರುವ ಅಗಲವಾದ ಕೋಣೆ ಗಂಡು ಹೆಣ್ಣು ಎರಡೂ ಕಡೆಗೆ ಸೇರದೆ ಬೇರೆಯಾಗೇ ಇದ್ದರೆ ಅದು ನನ್ನಂಥ ಅಪ್ಪನಿಗೆ ವರ. ಇಬ್ಬರು ಮಕ್ಕಳೂ ನಾನೂ ಒಟ್ಟಿಗೆ ಹಿಡಿಸುತ್ತೇವೆ. ಆದರೆ ಅದು ನಿಜವಾಗಿ ಬೇಕಾದವರದ್ದು. ಹೊರಗೆ ಯಾರೂ ಕಾಯುತ್ತಿಲ್ಲ ಅಂತ ನೋಡಿಕೊಂಡು ಹೋಗಿ, ಬೇಗ ಮುಗಿಸಿ, ನೆಲ ಒಣಗಿಸಿ ಬರುತ್ತೇನೆ. ಒದ್ದೆ ನೆಲದ ಮೇಲೆ ಊರುಗೋಲು ಜಾರುತ್ತದೆ.

ಒಳಗೆ ಹೋದ ಮೇಲೆ ಹೇಗೆ? ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕಾಲಿಡುವ ಜಾಗ ದೊಡ್ಡವರ ಅಳತೆಯದ್ದು. ಪುಟ್ಟ ಕಾಲು ಅಷ್ಟು ಅಗಲಕ್ಕೆ ಎಟುಕುವುದಿಲ್ಲ. ನಮ್ಮಜ್ಜಿ ಮಕ್ಕಳನ್ನು ತನ್ನ ಪಾದಗಳ ಮೇಲೆ ಕೂರಿಸುತ್ತಿದ್ದರು. ನಾನು ಅದನ್ನೇ ನಿಂತು ಮಾಡುತ್ತೇನೆ. ಮೊದಲು ಪ್ಯಾಂಟು, ಚಡ್ಡಿ ಪೂರ್ತಿ ಬಿಚ್ಚಿ ನನ್ನ ಕುತ್ತಿಗೆಗೆ ಹಾಕಿಕೊಳ್ಳುತ್ತೇನೆ. ಫ್ರಾಕನ್ನು ಮೇಲಕ್ಕೆ ಮಡಚಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸುತ್ತೇನೆ. ಆಮೇಲೆ ಅವಳ ಬೆನ್ನು ನನ್ನ ಎದೆಗೆ, ನನ್ನ ಎರಡೂ ಕೈ ಅವಳ ಮಂಡಿಯ ಕೆಳಗೆ. ಕುಕ್ಕರುಗಾಲಿನಲ್ಲಿ ಕೂತ ಹಾಗೇ ಎತ್ತಿ ಹಿಡಿದರೆ ಎಲ್ಲಿಯೂ ತಾಗುವುದಿಲ್ಲ. ಕಮೋಡ್ ಆದರೆ ಸೀಟು ಒರೆಸಿ, ಮಗುವನ್ನು ಹಿಂದುಮುಂದಾಗಿ, ಅಂದರೆ ಫ್ಲಶ್ ಟ್ಯಾಂಕ್ ಕಡೆ ಮುಖ ಮಾಡಿ ಕೂರಿಸಿ ನೋಡಿ. ಕೈಗೆ ಹಿಡಿಯಲು ಆಸರೆ ಸಿಗುತ್ತದೆ, ಒಳಗೆ ಬೀಳುತ್ತೇನೆ ಅನ್ನುವ ಭಯ ಹೋಗುತ್ತದೆ. ತಾನೇ ಫ್ಲಶ್ ಆಗುವ ಕಮೋಡ್ ಭೋರ್ ಅಂದು ಒಮ್ಮೆ ಅವಳು ಚೀರಿದ್ದಳು. ಈಗ ಆ ಕೆಂಪು ಕಣ್ಣಿನ ಸೆನ್ಸರ್ ಮೇಲೆ ಒಂದು ತುಂಡು ಪೇಪರ್ ಟೇಪ್ ಅಂಟಿಸಿ, ಬರುವಾಗ ಕಿತ್ತು ಬರುತ್ತೇನೆ.

ಚೀಲದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಅರ್ಧ ಲೀಟರಿನ ಒಂದು ನೀರಿನ ಬಾಟಲಿ. ಮುಚ್ಚಳಕ್ಕೆ ದಬ್ಬಣ ಕಾಯಿಸಿ ನಾಲ್ಕು ತೂತು ಹಾಕಿದ್ದೇನೆ. ಹಿಸುಕಿದರೆ ಹದವಾಗಿ ನೀರು ಬರುತ್ತದೆ. ನಲ್ಲಿ ಇಲ್ಲದಿದ್ದರೂ ತೊಳೆಯಬಹುದು. ಜೆಟ್ ಸ್ಪ್ರೇ ನಂಬುವ ಹಾಗಿಲ್ಲ, ಕೆಲವು ಮಗುವಿಗೆ ನೋವಾಗುವಷ್ಟು ಜೋರು. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಅಪ್ಪಂದಿರು ಇದನ್ನು ನೆನಪಿಟ್ಟುಕೊಳ್ಳಿ. ಜೊತೆಗೆ ಪೇಪರ್ ಸೋಪು, ಎರಡು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರು, ನನ್ನ ಹಳೆಯ ಪಂಚೆ. ಆ ಪಂಚೆ ದಾರಿಯಲ್ಲಿ ಪರದೆ, ಪಾರ್ಕಿನಲ್ಲಿ ಹಾಸು, ಒದ್ದೆಯಾದರೆ ಟವೆಲ್.

ಮೈಸೂರು ದಾರಿ ಬೇರೆಯೇ ಕಥೆ. ಮುಂಚೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಊರೊಳಗೇ ಹೋಗುತ್ತಿದ್ದೆವು. ಎಲ್ಲಿ ಬೇಕಾದರೂ ಹೋಟೆಲ್ ಮುಂದೆ ನಿಲ್ಲಿಸಬಹುದಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈ ಊರುಗಳನ್ನೆಲ್ಲ ಬಳಸಿಕೊಂಡು ಹೋಗುತ್ತದೆ. ಪ್ರಯಾಣ ಬೇಗ ಮುಗಿಯುತ್ತದೆ ನಿಜ. ಆದರೆ ಇಳಿಯುವ ಜಾಗ ಒಂದು ತಪ್ಪಿತು ಅಂದರೆ ಮುಂದಿನದು ಬರುವ ತನಕ ಮಗು ತಡೆದುಕೊಳ್ಳಬೇಕು. ಅದಕ್ಕೆ ನಾನು ಹಳೆಯ ರಸ್ತೆಯಲ್ಲೇ ಬಿಡದಿ ತನಕ ಹೋಗಿ, ತಟ್ಟೆ ಇಡ್ಲಿ ತಿನ್ನಿಸಿ, ಟಾಯ್ಲೆಟ್ ಮುಗಿಸಿ ಮುಂದೆ ಹೊರಡುತ್ತೇನೆ. ಮದ್ದೂರಿನಲ್ಲಿ ಬೇಕಂತಲೇ ಇಳಿಯುತ್ತೇನೆ. ನಡುವೆ ತುರ್ತಾದರೆ ಸರ್ವಿಸ್ ರಸ್ತೆಯ ಪೆಟ್ರೋಲ್ ಬಂಕ್. ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು ಇಡಬೇಕು ಅಂತ ತೈಲ ಕಂಪನಿಗಳ ನಿಯಮವೇ ಇದೆ. ಹೆಂಗಸರದ್ದಕ್ಕೆ ಬೀಗ ಹಾಕಿದ್ದರೆ "ಅಣ್ಣ, ಕೀ ಕೊಡ್ತೀರಾ, ಮಗು ಇದೆ" ಅಂದರೆ ಕೊಡುತ್ತಾರೆ. ಮಕ್ಕಳು ತೀರಾ ಚಿಕ್ಕವರಾಗಿದ್ದರೆ ರೈಲೇ ಲೇಸು ಅನ್ನುತ್ತೇನೆ.

ಮಗನ ಡೈಪರ್ ಬದಲಿಸುವ ಜಾಗ ಮಾತ್ರ ನನಗಿನ್ನೂ ಸರಿಯಾಗಿ ಸಿಕ್ಕಿಲ್ಲ. ಮಗು ಮಲಗಿಸುವ ಮಡಚು ಟೇಬಲ್ ಇದ್ದ ಕಡೆಯೆಲ್ಲ ಅದು ಹೆಂಗಸರ ಕಡೆಯೇ ಇರುತ್ತದೆ. ಒಂದು ಮಾಲ್‌ನಲ್ಲಿ ಕೈತೊಳೆಯುವ ಕಲ್ಲಿನ ಮೇಲೆ ಪಂಚೆ ಹಾಸಿ ಬದಲಿಸುತ್ತಿದ್ದಾಗ, ಪಕ್ಕದಲ್ಲಿ ಕೈತೊಳೆಯುತ್ತಿದ್ದವರು ಮುಖ ಕಿವುಚಿದರು. ಅವರ ಕಷ್ಟವೂ ಸರಿ, ನನ್ನ ಕಷ್ಟವೂ ಸರಿ. ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ, ಗಂಡಸರ ಕಡೆಯೂ ಒಂದು ಟೇಬಲ್ ಹಾಕಿಸಿ ಅಂತ ಕನ್ನಡದಲ್ಲಿ ಬರೆದುಕೊಟ್ಟೆ. ನೋಡೋಣ ಅಂದರು. ಹೋದ ತಿಂಗಳು ಮತ್ತೆ ಹೋದಾಗ ಹಾಕಿರಲಿಲ್ಲ. ಇನ್ನೊಂದು ಸಲ ಬರೆದುಕೊಟ್ಟು, ಕೆಳಗೆ ಮಗಳ ಕೈಲೂ ಅವಳ ಹೆಸರು ಬರೆಸಿ ಬಂದಿದ್ದೇನೆ.