ಮಫ್ಲರ್ ಆಮೇಲೆ, ಮೊದಲು ಒಂದು ಕೈಬಟ್ಟೆ

ಒಂದೇ ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುವ ಕ್ರೋಶಾ ಕಲಿಯಲು ಹೊರಟಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಉಣ್ಣೆಯ ಮಫ್ಲರ್. ಉಡುಪಿಯಲ್ಲಿ ಮಫ್ಲರ್! ಯಾರ ಕುತ್ತಿಗೆಗೆ ಅಂತ ಆಗ ಹೊಳೆಯಲೇ ಇಲ್ಲ. ಮೂರು ತಿಂಗಳು ಎಳೆದಾಡಿ ಅರ್ಧಕ್ಕೆ ಬಿಟ್ಟೆ. ಆಟಿ ತಿಂಗಳ ಮಳೆಗೆ ಕಪಾಟಿನಲ್ಲೇ ಬೂಷ್ಟು ಹಿಡಿಯಿತು.

ಪಕ್ಕದ ಮನೆಯ ಬಾಯಮ್ಮ ಅದನ್ನು ನೋಡಿ, "ಇದು ಬಿಡು ಮಾರಾಯ್ತಿ, ಚಾ ಪಾತ್ರೆ ಇಳಿಸ್ಲಿಕ್ಕೆ ಒಂದು ಬಟ್ಟೆ ಮಾಡು" ಅಂದರು. ಈಗ ನನ್ನಲ್ಲಿ ಕೇಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನಾಲ್ಕೈದು ಸಂಜೆಯಲ್ಲಿ ಮುಗಿಯುವಂಥದ್ದು, ಮುಗಿದ ಮರುದಿನವೇ ಮನೆಯಲ್ಲಿ ಬಳಸುವಂಥದ್ದು ಆರಿಸಿ.

ನೂಲು ಹತ್ತಿಯದೇ ಇರಲಿ. ಅಕ್ರಿಲಿಕ್ ಅಗ್ಗ, ಬಣ್ಣವೂ ಚಂದ, ಆದರೆ ಬಿಸಿ ಪಾತ್ರೆ ತಾಗಿದರೆ ಕರಗುತ್ತದೆ. ನಮ್ಮ ಸೆಕೆಗೆ ಬೆವರಿದ ಬೆರಳಿಗೆ ಅಂಟಿದ ಹಾಗೂ ಆಗುತ್ತದೆ. ಕಪ್ಪು ಬಣ್ಣ ಬೇಡ. ಮೋಡ ಕವಿದ ಮಧ್ಯಾಹ್ನ ಕರೆಂಟು ಹೋದರೆ ಸ್ಟಿಚ್ಚೇ ಕಾಣುವುದಿಲ್ಲ. ಟೇಬಲ್ ಕ್ಲಾತಿನ ಲೇಸಿಗೆ ಬಳಸುವ ಸಪೂರ ಸ್ಟೀಲ್ ಕಡ್ಡಿ ಸದ್ಯಕ್ಕೆ ದೂರ ಇಡಿ. 4 ಮಿ.ಮೀ. ಕಡ್ಡಿ, ಅದಕ್ಕೆ ತಕ್ಕ ದಪ್ಪದ ತಿಳಿ ಬಣ್ಣದ ನೂಲು, ಅಷ್ಟು ಸಾಕು.

21 ಚೈನು, ಅಂದರೆ ಒಂದರೊಳಗಿಂದ ಒಂದು ಎಳೆದ ಕುಣಿಕೆಗಳ ಸರಪಳಿ, ಹಾಕಿ. ಕಡ್ಡಿಯಿಂದ ಎರಡನೆಯ ಚೈನಿನಿಂದ ಶುರು ಮಾಡಿ 20 ಸಿಂಗಲ್ ಕ್ರೋಶಾ (ಕ್ರೋಶಾದ ಸರಳ ಮೂಲ ಸ್ಟಿಚ್). ಸಾಲಿನ ಕೊನೆಗೆ ಒಂದು ಚೈನು ಹಾಕಿ ತಿರುಗಿಸಿ, ಮತ್ತೆ 20. ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಅಗಲ ಬರುತ್ತದೆ. ಚೌಕ ಆಗುವವರೆಗೆ ಹೀಗೇ ಹೋಗಿ.

ಕೇಳಲು ಸುಲಭ, ಅಲ್ವಾ? ನನ್ನ ಮೊದಲ ಚೌಕ ಮೇಲೆ ಹೋಗುತ್ತಾ ಹೋಗುತ್ತಾ ಗೋಪುರದ ಹಾಗೆ ಕಿರಿದಾಯಿತು. ಪ್ರತಿ ಸಾಲಿನ ಕೊನೆಯ ಸ್ಟಿಚ್ ಓರೆಯಾಗಿ ಅಡಗಿ ಕೂತಿರುತ್ತದೆ, ನಾನು ಅದನ್ನು ಬಿಟ್ಟೇ ತಿರುಗಿಸುತ್ತಿದ್ದೆ. ಸಾಲಿನ ಮೊದಲ ಸ್ಟಿಚ್ಚಿಗೆ ಒಂದು ಸೇಫ್ಟಿ ಪಿನ್ ಚುಚ್ಚಿಡಿ. ವಾಪಸ್ ಬರುವಾಗ ಆ ಪಿನ್ ಇದ್ದಲ್ಲೇ ಕೊನೆಯ ಸ್ಟಿಚ್ ಬೀಳಬೇಕು. ಆದರೂ ಎಣಿಸಿ. ನಾನು ಈಗಲೂ ಎಣಿಸುತ್ತೇನೆ.

ಇಂಥ ಎರಡು ಚೌಕ ಒಂದರ ಮೇಲೊಂದು ಇಟ್ಟು ಅಂಚು ಸೇರಿಸಿದರೆ ಬಿಸಿ ತಡೆಯುವಷ್ಟು ದಪ್ಪ ಆಗುತ್ತದೆ. ಒಂದೇ ಚೌಕವನ್ನು ಉದ್ದಕ್ಕೆ ಹೆಣೆದು ಮಡಚಿ, ಎರಡೂ ಬದಿ ಹೊಲಿದರೆ ಮೊಬೈಲ್ ಚೀಲ.

ಆಮೇಲೆ ಗ್ಲಾಸಿನ ಅಡಿಗೆ ಇಡುವ ದುಂಡನೆಯ ಮ್ಯಾಟ್. 6 ಸ್ಟಿಚ್ಚಿನಿಂದ ಶುರು, ಪ್ರತಿ ಸುತ್ತಿಗೆ 6 ಹೆಚ್ಚಿಸಿ: 12, 18, 24. ಬಟ್ಟಲಿನ ಹಾಗೆ ಮೇಲೆದ್ದರೆ ಹೆಚ್ಚಿಸಿದ್ದು ಕಡಿಮೆ, ಅಂಚು ಅಲೆಅಲೆಯಾದರೆ ಜಾಸ್ತಿ.

ಎರಡು ಕಡ್ಡಿಯ ನಿಟ್ಟಿಂಗೇ ಬೇಕು ಅನ್ನುವವರೂ ಚೌಕವನ್ನೇ ಮಾಡಿ. 25 ಸ್ಟಿಚ್, ಎಲ್ಲ ಸಾಲೂ ನಿಟ್, ಅಂದರೆ ನಿಟ್ಟಿಂಗಿನ ಮೂಲ ಸ್ಟಿಚ್. ಅದರ ಉಲ್ಟಾ ಸ್ಟಿಚ್ ಆದ ಪರ್ಲ್ ಸುದ್ದಿಗೆ ಹೋಗಬೇಡಿ. ಹತ್ತಿ ತುಂಬಿಸುವ ಗೊಂಬೆಗಳೂ ಈಗಲೇ ಬೇಡ. ನೋಡಲು ಮುದ್ದು, ಕೈಕಾಲು ಜೋಡಿಸುವಾಗ ಅಳು ಬರುತ್ತದೆ.

ಮುಗಿದ ಮೇಲೆ ನೂಲನ್ನು ತುದಿಗೇ ಕತ್ತರಿಸಬೇಡಿ. 15 ಸೆಂ.ಮೀ. ಬಿಟ್ಟು ಕತ್ತರಿಸಿ, ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಿ, ಹೋಗಿ ಬಂದು ಎರಡು ಸಲ ಒಳಗೆ ನುಗ್ಗಿಸಿ. ಬರೀ ಗಂಟು ಹಾಕಿ ಬಿಟ್ಟ ನನ್ನ ಕೈಬಟ್ಟೆ ಎರಡು ಸಲ ಒಗೆಯುವಷ್ಟರಲ್ಲಿ ಬಿಚ್ಚಿಕೊಂಡಿತ್ತು.