ಹೊಳೆದಂಡೆಯ ಹಳೆಯ ತೋಟವನ್ನು ಉಪ್ಪುನೀರಿನಿಂದ ಕಾಯುವ ಬಗೆ

ಗೋವಾದ ಮಾಂಡವಿ ನದಿಯ ದಿವಾರ್ ದ್ವೀಪದಲ್ಲಿ ಪೋರ್ಚುಗೀಸರ ಕಾಲದ ಮನೆಯೊಂದರ ತೋಟ, ಗದ್ದೆಗಳನ್ನು ನೋಡಿಕೊಳ್ಳುತ್ತಿದ್ದೇನೆ. ನನ್ನ ಊರು ಕುಮಟಾ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ತಗ್ಗುಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆದವರ ಮಗನಾದ್ದರಿಂದ ಇಲ್ಲಿನ ಖಾಜನ್, ಅಂದರೆ ಒಡ್ಡು ಕಟ್ಟಿ ಹೊಳೆಯ ಉಪ್ಪುನೀರನ್ನು ತಡೆದ ಗದ್ದೆ, ನನಗೆ ಹೊಸದೆನಿಸಲಿಲ್ಲ. ಕಗ್ಗದ ಬದಲು ಅಂಥದೇ ಕೊರ್ಗುಟ್ ಭತ್ತ, ಅಷ್ಟೇ. ಮನೆಗಿಂತ ಒಡ್ಡು ಹಳೆಯದು. 1510ರಲ್ಲಿ ಪೋರ್ಚುಗೀಸರು ಬರುವ ಮೊದಲೇ ಊರಿನ ಜನ ಖಾಜನ್ ಕಟ್ಟಿಕೊಂಡಿದ್ದರು. ಇಂಥ ಜಾಗ ವಹಿಸಿಕೊಂಡವರು ಗಿಡಕ್ಕಿಂತ ಮೊದಲು ಒಡ್ಡನ್ನು ನೋಡಬೇಕು.

ಮೇ ತಿಂಗಳ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭರತದ ನೀರು ಹೆಚ್ಚು ಏರುತ್ತದೆ. ಆ ಹೊತ್ತಿಗೆ ಒಡ್ಡಿನ ಒಳಬದಿಯಲ್ಲಿ ನಡೆಯಿರಿ. ಮಣ್ಣು ಒದ್ದೆಯಾಗಿ ಹೊಳೆಯುವಲ್ಲೆಲ್ಲ ಕೋಲು ನೆಡಿ. ಇಳಿತದಲ್ಲಿ ಹೊರಬದಿ ಹುಡುಕಿದರೆ ಬಹುಮಟ್ಟಿಗೆ ಏಡಿಯ ಬಿಲ ಸಿಗುತ್ತದೆ. ಬಾಯಿಗೆ ಕಲ್ಲು ತುರುಕಿದರೆ ಸಾಲದು. ಬಿಲ ಹೋದಷ್ಟು ದೂರ ಅಗೆದು, ಹುಲ್ಲು ಬೆರೆಸಿ ತುಳಿದ ಜೇಡಿಮಣ್ಣು ತುಂಬಿ ಗುದ್ದಬೇಕು. ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮಾತ್ರ ಮುಟ್ಟಬೇಡಿ. ಅಲೆಯ ಹೊಡೆತಕ್ಕೆ ಮೊದಲು ಎದೆಯೊಡ್ಡುವುದು ಅವೇ.

ಮಾನಸ ಎಂದು ಇಲ್ಲಿಯವರು ಕರೆಯುವ ತೂಬಿನ ಮರದ ಬಾಗಿಲು ತಾನಾಗಿಯೇ ಕೆಲಸ ಮಾಡುತ್ತದೆ. ಭರತದ ನೀರು ತಳ್ಳಿದರೆ ಮುಚ್ಚುತ್ತದೆ, ಇಳಿತದಲ್ಲಿ ಒಳನೀರು ತಳ್ಳಿದರೆ ತೆರೆಯುತ್ತದೆ. ಹೆಬ್ಬೆರಳು ದಪ್ಪದ ಕಡ್ಡಿ ಸಿಕ್ಕಿಕೊಂಡರೂ ಉಪ್ಪುನೀರು ಒಳಗೆ ಬಂದೇಬಿಡುತ್ತದೆ. ಚೌಕಟ್ಟಿನ ಅಂಚಿಗೆ ಕೈಯಾಡಿಸಿ, ಅಂಟಿದ ಚಿಪ್ಪುಗಳನ್ನು ಉಳಿಯಿಂದ ಕೆರೆದು ತೆಗೆಯಿರಿ. ಮೂರು ವರ್ಷದ ಹಿಂದೆ ಯಾರೋ ಮೀನಿನಾಸೆಗೆ ರಾತ್ರಿ ಬಾಗಿಲಿಗೆ ಕಲ್ಲಿಟ್ಟು ಹೋಗಿದ್ದರು. ಕೆಲವೇ ದಿನಗಳಲ್ಲಿ ಗದ್ದೆಯಂಚಿನ ಬಾಳೆಯ ಎಲೆಗಳು ಸುತ್ತಲೂ ಸುಟ್ಟಂತೆ ಕಂದಿದವು. ಅಂದು ನನಗೆ ಊಟ ಸೇರಲಿಲ್ಲ.

ಉಪ್ಪು ನುಗ್ಗಿದ್ದರೆ ಗೊಬ್ಬರ ಸುರಿಯಬೇಡಿ, ಮಳೆಗೆ ಕಾಯಿರಿ. ತೂಬಿಗೆ ಹಲಗೆಯಿಟ್ಟು ಮುಂಗಾರಿನ ನೀರನ್ನು ಎರಡು ದಿನ ನಿಲ್ಲಿಸಿ, ಇಳಿತ ನೋಡಿ ಹೊರಬಿಡಿ. ಮತ್ತೆ ತುಂಬಿಸಿ, ಮತ್ತೆ ಬಿಡಿ. ಆ ವರ್ಷ ನಾಲ್ಕನೆಯ ಸಲ ನೀರನ್ನು ನಾಲಗೆಗೆ ಹಚ್ಚಿ ನೋಡಿದಾಗ ಉಪ್ಪು ಹತ್ತಲಿಲ್ಲ. ಮರುದಿನವೇ ಮೊಳಕೆ ಬರಿಸಿದ ಕೊರ್ಗುಟ್ ಚೆಲ್ಲಿದೆ.

ತೆಂಗು ಒಂದಿಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ, ಒಡ್ಡಿನ ಹತ್ತಿರವೇ ಇರಲಿ. ಅಡಿಕೆ, ಮೆಣಸು ದಿಬ್ಬದ ಕೆಂಪುಮಣ್ಣಿನಲ್ಲಿರಲಿ, ಅವುಗಳ ಕಾದಿಗೆಯ (ನೀರು ಬಸಿಯುವ ಕಾಲುವೆಯ) ಬಾಯಿ ಗದ್ದೆಗಿಂತ ಒಂದು ಮೊಳವಾದರೂ ಎತ್ತರದಲ್ಲಿರಲಿ. ಬಾಳೆಯ ಸಾಲನ್ನು ನಾನು ಎರಡು ಮಾರು ಮೇಲಕ್ಕೆ ಸರಿಸಿದ್ದೇನೆ. ಈ ಸಲ ಗೊನೆ ಬಿಟ್ಟಿವೆ.